ಎರಡನೇ ಕೈಗೆ ಹೋಗುವ ಕಾರ್ಡು

ಬೆಳಗಾವಿ ಜಿಲ್ಲೆಯ ಕೌಜಲಗಿಯಂಥ ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನಿಗೆ ಊರೊಳಗೆ ವಿಸಿಟಿಂಗ್ ಕಾರ್ಡಿನ ಗರಜೇ ಇಲ್ಲ. ಅವನ ಅಂಗಡಿ ಎಲ್ಲಿದೆ, ಅಪ್ಪ ಯಾರು, ಕೊಟ್ಟ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುತ್ತಾನೋ ಇಲ್ಲವೋ, ಇದೆಲ್ಲ ಎಲ್ಲರಿಗೂ ಗೊತ್ತು. ಆದರೂ ಗಲ್ಲೆಯ ಮೇಲೆ ಕಾರ್ಡಿನ ಡಬ್ಬಿ ಇದ್ದೇ ಇರುತ್ತದೆ. ಪಕ್ಕದ ಬೋರ್‌ವೆಲ್ ಏಜೆಂಟನಲ್ಲೂ ಇರುತ್ತದೆ. ಜೆಸಿಬಿ ಬಾಡಿಗೆಗೆ ಕೊಡುವವನು, ಶಾಮಿಯಾನದವನು, ಡಿಜೆಯವನು, ಮದುವೆ ಅಡುಗೆ ಹಿಡಿಯುವವನು, ಎಲ್ಲರ ಜೇಬಿನಲ್ಲೂ ಇರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಯಾವ ಪೇಟೆಗೆ ಹೋದರೂ ಈ ಕಾರ್ಡುಗಳ ಮುಖ ಹೆಚ್ಚುಕಡಿಮೆ ಒಂದೇ. ನೆತ್ತಿಯ ಮೇಲೆ ಮನೆದೇವರ ಹೆಸರು ಮತ್ತು ‘ಪ್ರಸನ್ನ’, ಎಡಕ್ಕೆ ದೇವರ ಚಿತ್ರ, ಬಲಕ್ಕೆ ಮಾಲೀಕರ ಫೋಟೋ, ನಡುವೆ ಬಂಗಾರದ ಬಣ್ಣದ ಅಂಗಡಿ ಹೆಸರು, ಅದರ ಕೆಳಗೆ ‘ಪ್ರೊ॥’, ಮೂರು ಮೊಬೈಲ್ ನಂಬರು, ಉಳಿದ ಜಾಗದಲ್ಲೆಲ್ಲ ‘ನಮ್ಮಲ್ಲಿ ದೊರೆಯುವ ಸೇವೆಗಳು’.

ಸಾವಿರ ಕಾರ್ಡು ಹಾಕಿಸುತ್ತಾರೆ. ಒಂದು ನೂರು ಖರ್ಚಾಗುತ್ತವೆ. ಉಳಿದವು ನಂಬರ್ ಬದಲಾಗುವವರೆಗೆ ಡಬ್ಬಿಯಲ್ಲೇ ಇರುತ್ತವೆ.

ಕಾರಣ ಸರಳ. ಕಾರ್ಡನ್ನು ಯಾರಿಗಾಗಿ ಮಾಡಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಪ್ರೆಸ್ಸಿನ ಮುಂದೆ ನಿಂತಾಗ ಯಾರೂ ಕೇಳಿಕೊಳ್ಳುವುದಿಲ್ಲ. ಕಾರ್ಡನ್ನು ಕೈಯಿಂದ ಕೈಗೆ ಪಡೆದವನಿಗೆ ಅಂಗಡಿಕಾರನ ಮುಖ ಗೊತ್ತು, ಮಾತು ಗೊತ್ತು. ಅವನಿಗೆ ಕಾರ್ಡು ಬರೀ ನಂಬರ್ ಚೀಟಿ. ಅದೇ ಕಾರ್ಡು ಅವನ ಕೈಯಿಂದ ಯಾದವಾಡದ ಬೀಗರಿಗೋ ಅರಭಾವಿಯ ಗೆಳೆಯನಿಗೋ ಹೋದಾಗ ಅದರ ನಿಜವಾದ ದುಡಿಮೆ ಶುರುವಾಗುತ್ತದೆ. ಅಲ್ಲಿ ಅಂಗಡಿಕಾರ ಇಲ್ಲ, ಅವನ ಪರವಾಗಿ ಮಾತಾಡುವವರೂ ಇಲ್ಲ. ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲದ ಆ ರಟ್ಟು ಮಾತ್ರ ಇದೆ. ಸಣ್ಣ ಊರಿನ ಕಾರ್ಡನ್ನು ಈ ಎರಡನೇ ಕೈಗಾಗಿಯೇ ಬರೆಯಬೇಕು.

ಈ ಸೀಮೆಗೆ ಹೆಸರನ್ನು ದೂರ ಕಳಿಸುವ ಕಲೆ ಹೊಸದೇನಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರು ಹೋದಲ್ಲೆಲ್ಲ ಊರಿನ ಹೆಸರೂ ಹೋಯಿತು. ಅಪರಾಳ ತಮ್ಮಣ್ಣ ರಚಿಸಿದ ಪಾರಿಜಾತವನ್ನು ತಿದ್ದಿ ಬೆಳೆಸಿದವನು ನೆರೆಯ ಕುಲಗೋಡದ ತಮ್ಮಣ್ಣ. ಅವನಿಗೂ ಊರೇ ಗುರುತು. ಹೆಸರು, ಊರು, ಮಾಡುವ ಕೆಲಸ: ಪಾರಿಜಾತ ಆಡಿಸಬೇಕೆಂದವರಿಗೆ ಇಷ್ಟು ಗೊತ್ತಾದರೆ ಸಾಕಿತ್ತು, ಹುಡುಕಿಕೊಂಡು ಬರುತ್ತಿದ್ದರು. ಇಂದಿನ ಕಾರ್ಡಿನಲ್ಲಿ ಈ ಮೂರೂ ಇರುತ್ತವೆ, ಆದರೆ ಮೂವತ್ತು ಬೇರೆ ಸಂಗತಿಗಳ ನಡುವೆ ಕಳೆದುಹೋಗಿರುತ್ತವೆ.

ಅಂಗಡಿ ಕಾರ್ಡಿನ ಮೂಲವೂ ಇದೇ ಅಗತ್ಯದಲ್ಲಿದೆ. 17 ಮತ್ತು 18ನೇ ಶತಮಾನದ ಲಂಡನ್ನಿನಲ್ಲಿ ಮನೆ-ಅಂಗಡಿಗಳಿಗೆ ನಂಬರ್ ಇರಲಿಲ್ಲ. ಬೀದಿಗಳಿಗೆ ಸಂಖ್ಯೆ ಹಾಕುವ ರೂಢಿ ಬಂದದ್ದು 1760ರ ದಶಕದಲ್ಲಿ. ಅಲ್ಲಿಯವರೆಗೆ ವ್ಯಾಪಾರಿಗಳು ಹಂಚುತ್ತಿದ್ದ ಕಾರ್ಡಿನಲ್ಲಿ ಅಂಗಡಿಯ ಮೇಲೆ ತೂಗುಹಾಕಿದ ಫಲಕದ ಚಿತ್ರವನ್ನೇ ಅಚ್ಚು ಹಾಕಿ, ಯಾವ ಚರ್ಚಿನ ಎದುರು, ಯಾವ ಓಣಿಯ ಮೂಲೆ ಎಂದು ದಾರಿ ಬರೆಯುತ್ತಿದ್ದರು. ಮುಂದೆ ದೊಡ್ಡ ಚಿತ್ರಕಾರನಾದ ವಿಲಿಯಂ ಹೋಗಾರ್ತ್ ಕೆತ್ತನೆಯ ಕಸುಬು ಆರಂಭಿಸಿದಾಗ ಮಾಡಿಕೊಂಡ ಕಾರ್ಡಿನ ಮೇಲೆ 1720ರ ಏಪ್ರಿಲ್ 23ರ ತಾರೀಖಿದೆ. ಕೌಜಲಗಿಯ ವಿಳಾಸ ಇಂದಿಗೂ ಹೀಗೇ ನಡೆಯುತ್ತದೆ: ಬಸ್ ಸ್ಟ್ಯಾಂಡ್ ಹತ್ತಿರ, ಗುಡಿಯ ಎದುರು, ಬ್ಯಾಂಕಿನ ಮಗ್ಗಲು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ‘ಮೇನ್ ರೋಡ್’ ಎಂದಷ್ಟೇ ಬರೆದು ಬಿಟ್ಟವನ ಅಂಗಡಿಗಿಂತ ‘ಬಸ್ ಸ್ಟ್ಯಾಂಡಿನಿಂದ ಗೋಕಾಕ ರಸ್ತೆಯಲ್ಲಿ ಎಡಕ್ಕೆ, ಪೆಟ್ರೋಲ್ ಪಂಪಿನ ಎದುರು’ ಎಂದು ಬರೆದವನ ಅಂಗಡಿ ಬೇಗ ಸಿಗುತ್ತದೆ.

ವಿಳಾಸದ ಸಾಲಿನಲ್ಲಿ ಈ ಭಾಗಕ್ಕೆ ಇನ್ನೊಂದು ತೊಡಕಿದೆ. ಗೋಕಾಕ ತಾಲೂಕನ್ನು ಒಡೆದು ಮೂಡಲಗಿಯನ್ನು ಬೇರೆ ತಾಲೂಕು ಮಾಡಿದ ಮೇಲೆ ಎಷ್ಟೋ ಹಳ್ಳಿಗಳ ‘ತಾ:’ ಬದಲಾಯಿತು. ಹಳೆಯ ಕಾರ್ಡುಗಳಲ್ಲಿ ಅದು ಹಾಗೇ ಉಳಿದಿದೆ. ಕೆಲವರ ಕಾರ್ಡಿನಲ್ಲಿ 08332 ಎಂಬ ಗೋಕಾಕದ ಎಸ್‌ಟಿಡಿ ಕೋಡಿನೊಂದಿಗೆ ಎಂದೋ ಸತ್ತ ಲ್ಯಾಂಡ್‌ಲೈನ್ ನಂಬರೂ ಜೀವಂತವಾಗಿದೆ. ಹಳೆಯ ಮಾದರಿಯನ್ನೇ ಪ್ರೆಸ್ಸಿಗೆ ಕೊಟ್ಟು ‘ಹಿಂಗ ಮಾಡ್ರಿ’ ಎಂದರೆ ಹಳೆಯ ತಪ್ಪುಗಳೂ ಹೊಸ ಬಣ್ಣದಲ್ಲಿ ಬರುತ್ತವೆ.

ಇನ್ನು ‘ನಮ್ಮಲ್ಲಿ ದೊರೆಯುವ ಸೇವೆಗಳು’. ಎಲೆಕ್ಟ್ರಿಕಲ್ ಅಂಗಡಿಯವನು ಮನೆ ವೈರಿಂಗ್, ಫ್ಯಾನ್ ರಿಪೇರಿ, ಮೋಟಾರ್ ರಿವೈಂಡಿಂಗ್, ಸ್ಟಾರ್ಟರ್ ರಿಪೇರಿ, ಇನ್ವರ್ಟರ್, ಸೋಲಾರ್, ಸಿಸಿಟಿವಿ, ಜೊತೆಗೆ ಮೊಬೈಲ್ ರಿಚಾರ್ಜ್ ಎಂದು ಬರೆಸುತ್ತಾನೆ. ಯಾವುದನ್ನೂ ಬಿಡಲು ಮನಸ್ಸಿಲ್ಲ. ಆದರೆ ಎರಡನೇ ಕೈಗೆ ಹೋದ ಕಾರ್ಡನ್ನು ನೋಡುವವನಿಗೆ ಇರುವುದು ಒಂದೇ ತಾಪತ್ರಯ: ಕಬ್ಬಿಗೆ ನೀರು ಹಾಯಿಸುವ ಹೊತ್ತಿನಲ್ಲಿ ಮೋಟಾರ್ ಸುಟ್ಟಿದೆ. ಅವನಿಗೆ ಬೇಕಾದದ್ದು ‘ಸುಟ್ಟ ಮೋಟಾರ್ ರಿವೈಂಡಿಂಗ್, ಬಾವಿಯಿಂದ ಎತ್ತಿ ಒಯ್ದು ತಂದು ಇಳಿಸಿಕೊಡುತ್ತೇವೆ’ ಎಂಬ ಒಂದು ಸಾಲು. ಹೆಚ್ಚು ದುಡ್ಡು ತರುವ, ಹೆಚ್ಚು ಜನ ಹುಡುಕುವ ಕೆಲಸ ಮುಂಬದಿಯಲ್ಲಿ ದೊಡ್ಡದಾಗಿರಲಿ. ಉಳಿದವು ಹಿಂಬದಿಗೆ ಹೋಗಲಿ. ಮಾಲೀಕರ ಫೋಟೋದ ಬಗ್ಗೆ ಈ ಲೇಖನದ ತಕರಾರಿಲ್ಲ. ಎಲ್‌ಐಸಿ ಏಜೆಂಟರಿಗೆ, ಜಮೀನು ಮಾರಾಟದ ಮಧ್ಯಸ್ಥರಿಗೆ ಮುಖವೇ ಬಂಡವಾಳ. ಆದರೆ ಮುಖಂಡರ ಫೋಟೋ ಹಾಕಿಸಿಕೊಳ್ಳುವ ಚಟದಿಂದ ಗಿರಾಕಿ ಹೆಚ್ಚುವುದಕ್ಕಿಂತ ಕಡಿಮೆಯಾಗುವ ಸಂಭವವೇ ಜಾಸ್ತಿ. ಎದುರು ಪಾರ್ಟಿಯವನ ಮೋಟಾರೂ ಸುಡುತ್ತದೆ.

ಅಸಲಿ ಯಡವಟ್ಟು ಆಗುವುದು ಡಿಟಿಪಿ ಮೇಜಿನ ಮೇಲೆ. ಇಂಗ್ಲಿಷಿಗಾಗಿ ಹುಟ್ಟಿದ ಕಾರ್ಡಿನ ಅಳತೆಯಲ್ಲಿ ಕನ್ನಡ ಕೂರಿಸುವುದು ಸುಲಭವಲ್ಲ. ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ನಿಲ್ಲುತ್ತದೆ. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಬೇಕು. ‘ಎಲೆಕ್ಟ್ರಿಕಲ್ಸ್’, ‘ಕನ್‌ಸ್ಟ್ರಕ್ಷನ್’ ಎಂಬ ಅಂಗಡಿ ಹೆಸರುಗಳಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು ಇಳಿಯುತ್ತದೆ. ಜಾಗ ಸಾಲದೆಂದು ಅಕ್ಷರವನ್ನು 6 ಪಾಯಿಂಟಿಗೆ ಇಳಿಸಿ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿದು ಎರಡೂ ಓದಲು ಬರುವುದಿಲ್ಲ. ಕಡುನೀಲಿ ಅಥವಾ ಕೆಂಪು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರ ಹಾಕಿಸಿದರಂತೂ ಆಫ್‌ಸೆಟ್ ಮುದ್ರಣದಲ್ಲಿ ಸುತ್ತಲಿನ ಶಾಯಿ ಅಕ್ಷರದ ಸಂದಿಗೆ ನುಗ್ಗಿ ಒತ್ತುಗಳು ಮುಚ್ಚಿಯೇ ಹೋಗುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ನೋಡುವಾಗ ಇದ್ಯಾವುದೂ ಕಾಣುವುದಿಲ್ಲ. ಹಾಗಾಗಿ ನಿಜವಾದ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆಸಿ, ಚಾಳೀಸು ದಾಟಿದ ಯಾರಿಗಾದರೂ ಕೊಟ್ಟು ಕನ್ನಡಕವಿಲ್ಲದೆ ಓದಿಸುವುದು ಒಳ್ಳೆಯದು.

ಈ ಕಾರ್ಡುಗಳಲ್ಲಿ ಬಹುಪಾಲಿಗೆ ವಿನ್ಯಾಸ ಒಂದು ಊರಿನಲ್ಲಿ, ಮುದ್ರಣ ಇನ್ನೊಂದರಲ್ಲಿ. ಸಣ್ಣ ಪೇಟೆಯ ಡಿಟಿಪಿಯವನು ಫೈಲನ್ನು ಬೆಳಗಾವಿ, ಹುಬ್ಬಳ್ಳಿಗೆ, ಇಲ್ಲವೇ ಮದುವೆ ಕಾರ್ಡು ಮತ್ತು ಕ್ಯಾಲೆಂಡರಿಗೆ ದೇಶಕ್ಕೇ ಹೆಸರಾದ ತಮಿಳುನಾಡಿನ ಶಿವಕಾಶಿಗೆ ಕಳಿಸುತ್ತಾನೆ. ಅಲ್ಲಿ ಹತ್ತಾರು ಗಿರಾಕಿಗಳ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಕೂರಿಸಿ ಒಟ್ಟಿಗೆ ಅಚ್ಚು ಹಾಕುವುದರಿಂದಲೇ ಸಾವಿರ ಮಲ್ಟಿಕಲರ್ ಕಾರ್ಡು ಕೆಲವು ನೂರು ರೂಪಾಯಿಗೆ ಸಿಗುವುದು. ಅಗ್ಗದ ಬೆಲೆಗೆ ಎರಡು ಷರತ್ತುಗಳಿವೆ. ಮೊದಲನೆಯದು, ಪಕ್ಕದ ಕಾರ್ಡಿಗೆ ಶಾಯಿ ಹೆಚ್ಚಾದರೆ ನಿಮ್ಮದರ ಬಣ್ಣವೂ ಅತ್ತಿತ್ತ ಆಗಬಹುದು. ಹೋದ ಸಲದ ಕುಂಕುಮದ ಬಣ್ಣ ಈ ಸಲ ಹಾಗೇ ಬರುತ್ತದೆಂಬ ಭರವಸೆ ಇಲ್ಲ. ಎರಡನೆಯದು, ಕಟಿಂಗ್ ಯಂತ್ರ ಕೂದಲೆಳೆ ಸರಿದರೂ ಅಂಚಿನ ಅಕ್ಷರ ಹೋಗುತ್ತದೆ. ಆದ್ದರಿಂದ ಅಂಚಿನಿಂದ 3 ಮಿಲಿಮೀಟರ್ ಒಳಗೆ ಏನನ್ನೂ ಬರೆಯಬಾರದು, ಅಂಚಿಗೆ ತೆಳ್ಳನೆಯ ಚೌಕಟ್ಟಿನ ಗೆರೆಯಂತೂ ಬೇಡವೇ ಬೇಡ. ಇನ್ನು ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಫೈಲನ್ನು ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಅಕ್ಷರವನ್ನು ಚಿತ್ರರೂಪಕ್ಕೆ ತಿರುಗಿಸಿ, ಡಿಟಿಪಿಯವರ ಮಾತಿನಲ್ಲಿ ‘ಕರ್ವ್ ಮಾಡಿ’, ಕಳಿಸಿದರೆ ಈ ಕಾಟ ತಪ್ಪುತ್ತದೆ. ಶಿವಕಾಶಿಯ ಯಂತ್ರದ ಮುಂದೆ ನಿಂತವನಿಗೆ ಕನ್ನಡ ಓದಲು ಬರಬೇಕೆಂದೇನಿಲ್ಲವಲ್ಲ.

ಯಾವ ಭಾಷೆಯಲ್ಲಿ ಎಂಬುದನ್ನು ಅಭಿಮಾನದ ಜೊತೆಗೆ ಗಿರಾಕಿಯನ್ನೂ ನೋಡಿ ನಿರ್ಧರಿಸಬೇಕು. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಕರ್ನಾಟಕ 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ಅದು ಬೋರ್ಡಿನ ಮಾತು. ಕೌಜಲಗಿ, ಮೂಡಲಗಿಯ ರೈತನಿಗೆ ಹೋಗುವ ಕಾರ್ಡಿಗೆ ಕನ್ನಡವೇ ಸರಿ, ಇಂಗ್ಲಿಷಿನಲ್ಲಿ ಬರೆಸಿದ ಕಾರ್ಡು ಅವನ ಜೇಬಿನಲ್ಲಿ ಮೂಕವಾಗಿರುತ್ತದೆ. ಹುಕ್ಕೇರಿ, ಸಂಕೇಶ್ವರದ ಕಡೆ ಮಾತು ಬೇರೆ. ಅಲ್ಲಿನ ಅಂಗಡಿಗಳಿಗೆ ಗಡಿಯಾಚೆಯ ಗಡಹಿಂಗ್ಲಜ, ಕೊಲ್ಲಾಪುರದ ಕಡೆಯ ಮರಾಠಿ ಗಿರಾಕಿಗಳೂ ಬರುತ್ತಾರೆ; ಹಿಂಬದಿಯಲ್ಲಿ ನಾಲ್ಕು ಸಾಲು ಮರಾಠಿ ಇದ್ದರೆ ವ್ಯಾಪಾರಕ್ಕೆ ಅನುಕೂಲ. ಫೋನ್ ನಂಬರನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲೇ, ಐದೈದಾಗಿ ಒಡೆದು, ಕಾರ್ಡಿನಲ್ಲಿ ಎಲ್ಲಕ್ಕಿಂತ ದಪ್ಪಗೆ ಬರೆಸಬೇಕು. ಮೂರು ನಂಬರಿದ್ದರೆ ಯಾವುದು ವಾಟ್ಸಾಪ್, ಯಾವುದು ಅಂಗಡಿಯದು ಎಂದು ಹೇಳಿರಬೇಕು. ಒಂದೇ ನಂಬರಿದ್ದರೆ ಇನ್ನೂ ಒಳ್ಳೆಯದು.

ಹಿಂಬದಿಯೇ ಕಾರ್ಡಿನ ಆಯುಷ್ಯವನ್ನು ನಿರ್ಧರಿಸುತ್ತದೆ. ಮೊದಲೆಲ್ಲ ಹಿಂಬದಿಯಲ್ಲಿ ಇಡೀ ವರ್ಷದ ಕ್ಯಾಲೆಂಡರ್ ಅಚ್ಚು ಹಾಕಿಸುತ್ತಿದ್ದರು. ಗಿರಾಕಿ ಅಂಗಡಿಯ ನೆನಪಿಗಲ್ಲ, ಅಮಾವಾಸ್ಯೆ ಯಾವತ್ತು ಎಂದು ನೋಡುವುದಕ್ಕೆ ಅದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಅಂಗಡಿಯ ಹೆಸರು ಜೊತೆಗೇ ಉಳಿಯುತ್ತಿತ್ತು. ಈಗ ಕ್ಯಾಲೆಂಡರ್ ಮೊಬೈಲಿನಲ್ಲಿದೆ. ಆದರೆ ಉಪಾಯ ಹಳತಾಗಿಲ್ಲ. ಟ್ರ್ಯಾಕ್ಟರ್, ಜೆಸಿಬಿ ಬಾಡಿಗೆಯವನ ಕಾರ್ಡಿನ ಬೆನ್ನಿಗೆ 1 ಗುಂಟೆಗೆ 1,089 ಚದರ ಅಡಿ, 40 ಗುಂಟೆಗೆ 1 ಎಕರೆ, 1 ಹೆಕ್ಟೇರಿಗೆ ಸುಮಾರು 2.47 ಎಕರೆ ಎಂಬ ಪುಟ್ಟ ಪಟ್ಟಿ ಇರಲಿ. ಜಮೀನಿನ ಮಾತು ಬಂದಾಗಲೆಲ್ಲ ಆ ಕಾರ್ಡು ಹೊರಬರುತ್ತದೆ. ಉಸುಕು, ಖಡಿ ಹಾಕುವವನಿಗೆ 100 ಘನ ಅಡಿ ಅಂದರೆ 1 ಬ್ರಾಸ್ ಎಂಬ ಲೆಕ್ಕ. ಈ ಭಾಗದಲ್ಲಿ ಮನೆ ಕಟ್ಟುವವರು ಅದನ್ನು ದಿನಾ ಕೇಳುತ್ತಾರೆ. ಟೇಲರಿಗೆ, ದಂತವೈದ್ಯರಿಗೆ, ಗಾಡಿ ಸರ್ವಿಸ್ ಮಾಡುವವರಿಗೆ ಹಿಂದೆ ತಾರೀಖು ಬರೆಯುವ ಖಾಲಿ ಜಾಗವೇ ಸಾಕು. ಹೊಳಪಿನ ಲ್ಯಾಮಿನೇಶನ್ ಮೇಲೆ ಪೆನ್ನು ಓಡುವುದಿಲ್ಲ. ಆ ಬದಿಗೆ ಲ್ಯಾಮಿನೇಶನ್ ಬೇಡವೆಂದು ಪ್ರೆಸ್ಸಿನವರಿಗೆ ಮೊದಲೇ ಹೇಳಬೇಕು. 300 ಜಿಎಸ್‌ಎಮ್ ಆಸುಪಾಸಿನ ದಪ್ಪ ರಟ್ಟಾದರೆ ಅಂಗಿಯ ಜೇಬಿನ ಬೆವರನ್ನೂ ತಡೆದುಕೊಳ್ಳುತ್ತದೆ.

ಈಗೆಲ್ಲರೂ ಕಾರ್ಡಿನ ಮೇಲೆ ಕ್ಯೂಆರ್ ಚೌಕ ಕೂರಿಸುತ್ತಿದ್ದಾರೆ. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ವಾಹನ ಬಿಡಿಭಾಗಗಳ ಗುರುತಿಗೆ ಕಂಡುಹಿಡಿದ ಈ ಚೌಕ, 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಕಾಯಿಪಲ್ಲೆ ಸಂತೆಗೂ ಬಂತು. ಹಾಗಾಗಿ ಕ್ಯೂಆರ್ ಅಂದರೆ ದುಡ್ಡು ಹಾಕುವುದು ಎಂಬ ತಿಳಿವಳಿಕೆ ಗಟ್ಟಿಯಾಗಿದೆ. ಕಾರ್ಡಿನ ಮೇಲೆ ಪೇಮೆಂಟ್ ಕ್ಯೂಆರ್ ಹಾಕಿಸುವುದು ಜಾಣತನವಲ್ಲ. ಬ್ಯಾಂಕ್ ಖಾತೆ ಬದಲಾದರೆ ಸಾವಿರ ಕಾರ್ಡು ದಂಡ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಜನ ಅಂಗಡಿಯ ಕ್ಯೂಆರ್ ಹಾಳೆಯನ್ನೇ ಕಿತ್ತಿಟ್ಟರು; ಕಾರ್ಡಿನಿಂದ ಕೀಳಲು ಬರುತ್ತದೆಯೇ? ಕಾರ್ಡಿಗೆ ಬೇಕಾದದ್ದು ಇನ್ನೊಂದು ಬಗೆಯ ಕ್ಯೂಆರ್. ಸ್ಕ್ಯಾನ್ ಮಾಡಿದರೆ ಹೆಸರು ಮತ್ತು ನಂಬರು ಮೊಬೈಲಿನಲ್ಲಿ ಸೇವ್ ಆಗುವಂಥದ್ದು, ಅಥವಾ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ದಾರಿ ತೋರಿಸುವಂಥದ್ದು. ಮೊದಲನೆಯದಕ್ಕೆ ನೆಟ್ಟೂ ಬೇಡ, ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ಎರಡನೆಯದಕ್ಕೆ ಅಂಗಡಿಯನ್ನು ಗೂಗಲ್ ಮ್ಯಾಪಿನಲ್ಲಿ ಸೇರಿಸಿರಬೇಕು, ಅದು ಉಚಿತ. ಚೌಕ 2 ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು, ಸುತ್ತ ಬಿಳಿ ಜಾಗ ಬಿಟ್ಟಿರಬೇಕು, ಅದರ ಕೆಳಗೆ ‘ಅಂಗಡಿಗೆ ದಾರಿ’ ಎಂದೋ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದೋ ಕನ್ನಡದಲ್ಲಿ ಬರೆದಿರಬೇಕು. ಪುಕ್ಕಟೆ ವೆಬ್‌ಸೈಟುಗಳು ಮಾಡಿಕೊಡುವ ಕೆಲವು ಚೌಕಗಳು ತಮ್ಮ ಸರ್ವರಿನ ಮೂಲಕ ಹಾದುಹೋಗುತ್ತವೆ. ತಿಂಗಳಾದ ಮೇಲೆ ದುಡ್ಡು ಕೇಳಿ ಬಂದ್ ಆಗುತ್ತವೆ. ಅಚ್ಚಿಗೆ ಕಳಿಸುವ ಮೊದಲು ಇದನ್ನು ಕೇಳಿ ತಿಳಿಯಬೇಕು. ಅಂಚೆ ಇಲಾಖೆ 2025ರಲ್ಲಿ ತಂದ 10 ಅಕ್ಷರ-ಅಂಕಿಗಳ ಡಿಜಿಪಿನ್ ಸದ್ಯಕ್ಕೆ ಕಾರ್ಡಿಗೆ ಬೇಡ, ಗಿರಾಕಿಗಳಲ್ಲಿ ಅದನ್ನು ಬಲ್ಲವರು ಕಡಿಮೆ.

ಕಾನೂನಿನ ಮಾತೂ ಒಂದಿಷ್ಟಿದೆ. ಮೆಡಿಕಲ್ ಅಂಗಡಿ, ಆಸ್ಪತ್ರೆ, ಆಂಬುಲೆನ್ಸ್ ಕಾರ್ಡುಗಳಲ್ಲಿ ಧಾರಾಳವಾಗಿ ಕಾಣುವ, ಬಿಳಿ ನೆಲದ ಮೇಲಿನ ಕೆಂಪು ಅಧಿಕ ಚಿಹ್ನೆ ರೆಡ್ ಕ್ರಾಸ್ ಸಂಸ್ಥೆಯ ಗುರುತು. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ನಾಲ್ಕು ಸಿಂಹಗಳ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 2005ರ ಕಾಯ್ದೆ ನಿಷೇಧಿಸಿದೆ. ವಕೀಲರು ಜಾಹೀರಾತು ಮಾಡುವಂತಿಲ್ಲ; ವಕೀಲರ ಸಂಘದ ಅಧ್ಯಕ್ಷ ಅಥವಾ ಮಾಜಿ ಅಧ್ಯಕ್ಷ ಎಂದು ಕಾರ್ಡಿನಲ್ಲಿ ಮೆರೆಯುವುದಕ್ಕೂ ವಕೀಲರ ಪರಿಷತ್ತಿನ ನಿಯಮದಲ್ಲಿ ಎಡೆಯಿಲ್ಲ. ಪ್ರೆಸ್ಸಿನವರು ಇದನ್ನೆಲ್ಲ ಹೇಳುವುದಿಲ್ಲ, ಕೇಳಿದ್ದನ್ನು ಅಚ್ಚು ಹಾಕಿಕೊಡುತ್ತಾರೆ.

ಒಳ್ಳೆಯ ಕಾರ್ಡೂ ಡಬ್ಬಿಯಲ್ಲಿ ಕೂತರೆ ದುಡಿಯುವುದಿಲ್ಲ. ರಿವೈಂಡಿಂಗ್‌ನವನ ಕಾರ್ಡಿಗೆ ಸರಿಯಾದ ಜಾಗ ಗಿರಾಕಿಯ ಜೇಬಲ್ಲ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ. ಅದಕ್ಕೇ ಬಲ್ಲವರು ಕಾರ್ಡಿನ ಜೊತೆಗೆ ಅದೇ ಅಳತೆಯ ಸ್ಟಿಕ್ಕರನ್ನೂ ಮಾಡಿಸಿ, ಕೆಲಸ ಮುಗಿದ ಮೇಲೆ ತಾರೀಖು ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿ ಬರುತ್ತಾರೆ. ಮುಂದಿನ ಸಲ ಕರೆಂಟು ಕೈಕೊಟ್ಟಾಗ ಮೊದಲು ತೆರೆಯುವುದು ಅದೇ ಬಾಗಿಲು. ಟ್ರೇಲರ್ ವೆಲ್ಡಿಂಗ್, ಟಯರ್ ಪಂಕ್ಚರಿನವರಿಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದಿನ ಟ್ರ್ಯಾಕ್ಟರ್ ಸಾಲಿಗಿಂತ ಒಳ್ಳೆಯ ಜಾಗ ಸಿಗದು. ರಾತ್ರಿಯಿಡೀ ಕಾಯುವ ಚಾಲಕರ ಊರುಗಳು ಬೇರೆ ಬೇರೆ, ಕಾರ್ಡು ಅಷ್ಟೂ ಊರಿಗೆ ಹೋಗುತ್ತದೆ. ಡ್ರಿಪ್, ಕೀಟನಾಶಕ, ಬೀಜದ ಅಂಗಡಿಗಳು ಒಬ್ಬರ ಕಾರ್ಡು ಇನ್ನೊಬ್ಬರ ಗಲ್ಲೆಯ ಮೇಲೆ ಇಡುವ ಕೊಡುಕೊಳ್ಳುವಿಕೆ ಮಾಡಿಕೊಂಡರೆ ಇಬ್ಬರಿಗೂ ಲಾಭ. ಎಲ್ಲೇ ಕೊಡಲಿ, ಒಂದರ ಬದಲು ಎರಡು ಕೊಟ್ಟು ‘ಒಂದು ನಿಮಗ, ಒಂದು ನಿಮ್ಮ ಬಾಜೂದವ್ರಿಗೆ ಕೊಡ್ರಿ ಅಣ್ಣಾ’ ಎನ್ನಲು ಖರ್ಚೇನಿಲ್ಲ.

ಎರಡನೇ ಕೈಯ ಲಾಭವನ್ನು ಚೆನ್ನಾಗಿ ಪಡೆಯಬಲ್ಲವರು ಗೋಕಾಕದ ಕರದಂಟಿನ ಅಂಗಡಿಯವರು. ಮಳೆಗಾಲದಲ್ಲಿ ಜಲಪಾತ ನೋಡಲು ಬಂದವರು, ಬೀಗರ ಮನೆಗೆ ಬಂದವರು ಡಬ್ಬಿ ಕಟ್ಟಿಸಿಕೊಂಡು ಪುಣೆಗೆ, ಬೆಂಗಳೂರಿಗೆ ಒಯ್ಯುತ್ತಾರೆ. ಅಲ್ಲಿ ತಿಂದವರಿಗೆ ‘ಗೋಕಾಕ ಕರದಂಟು’ ಎಂಬುದು ನೆನಪಿರುತ್ತದೆ, ಯಾವ ಅಂಗಡಿಯದೆಂದು ನೆನಪಿರುವುದಿಲ್ಲ. ಡಬ್ಬಿಯ ಹೊರಗೆ ಅಚ್ಚಾದದ್ದು ಡಬ್ಬಿಯ ಜೊತೆಗೇ ಕಸಕ್ಕೆ ಹೋಗುತ್ತದೆ. ಒಳಗೊಂದು ಕಾರ್ಡಿಟ್ಟು ‘ಪಾರ್ಸಲ್ ಕಳಿಸುತ್ತೇವೆ’ ಎಂದು ಬರೆದರೆ ಅದು ಅಡುಗೆಮನೆಯಲ್ಲಿ ಉಳಿಯುತ್ತದೆ. ರಾಜ್ಯದ ಸಾರಿಗೆ ಸಂಸ್ಥೆಗಳ ‘ನಮ್ಮ ಕಾರ್ಗೋ’ ಸೇವೆ 2021ರಲ್ಲಿ ಶುರುವಾದ ಮೇಲೆ ಬಸ್ಸಿನಲ್ಲಿ ಪಾರ್ಸಲ್ ಕಳಿಸುವುದೂ ಕಷ್ಟವಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾರುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆಗೂ ಇದೇ ಮಾತು ಹೊಂದುತ್ತದೆ. ಮನೆಯಿಂದಲೇ ವ್ಯಾಪಾರ ಮಾಡುವವರು ಮನೆಯ ವಿಳಾಸದ ಬದಲು ಊರಿನ ಹೆಸರಷ್ಟೇ ಹಾಕಿ, ವ್ಯಾಪಾರಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳುವುದು ಕ್ಷೇಮ. ಸಂಘದ ಹೆಸರಿನಲ್ಲಿ ಕಾರ್ಡಾದರೆ ಇನ್ನೂ ಮೇಲು.

ಕಾರ್ಡಿನಿಂದ ಉಪಯೋಗವಾಯಿತೇ ಎಂದು ತಿಳಿಯಲು ದೊಡ್ಡ ಲೆಕ್ಕಾಚಾರ ಬೇಡ. ಹೊಸ ಕರೆ ಬಂದಾಗಲೆಲ್ಲ ‘ನಮ್ಮ ನಂಬರ್ ಎಲ್ಲಿ ಸಿಕ್ತ್ರಿ?’ ಎಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಆಯಿತು. ಕಾರ್ಖಾನೆಯ ಸಾಲಿನಲ್ಲಿ ಹಂಚಿದವುಗಳ ಮೂಲೆಗೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಿದ್ದರೆ, ಕಾರ್ಡು ಹಿಡಿದು ಅಂಗಡಿಗೆ ಬಂದವನು ಎಲ್ಲಿಂದ ಬಂದನೆಂದೂ ಗೊತ್ತಾಗುತ್ತದೆ.

ಅಗ್ಗವೆಂದು ಮೊದಲ ಸಲವೇ ಸಾವಿರಕ್ಕೆ ಆರ್ಡರ್ ಕೊಡಬೇಡಿ. ಡಿಜಿಟಲ್ ಪ್ರಿಂಟಿನಲ್ಲಿ ನೂರು ತೆಗೆಸಿ ಹಂಚಿ, ಜನ ಏನನ್ನು ಮತ್ತೆ ಮತ್ತೆ ಕೇಳುತ್ತಾರೆಂದು ನೋಡಿ. ಆ ಉತ್ತರವನ್ನು ಮುಂದಿನ ಕಾರ್ಡಿನಲ್ಲಿ ಸೇರಿಸಿ. ಪ್ರೂಫ್ ಬಂದಾಗ ಕಣ್ಣಾಡಿಸಿ ‘ಓಕೆ’ ಎನ್ನುವ ಬದಲು ಅದರಲ್ಲಿರುವ ನಂಬರನ್ನೇ ನೋಡಿಕೊಂಡು ಇನ್ನೊಬ್ಬರ ಮೊಬೈಲಿನಿಂದ ಒತ್ತಿ. ನಿಮ್ಮ ಫೋನು ಹೊಡೆದುಕೊಂಡರೆ ಮಾತ್ರ ಅಚ್ಚಿಗೆ ಕಳಿಸಿ.